ಮಂಗಳವಾರ ಮಧ್ಯಾಹ್ನದ ಡ್ರಿಪ್

"ಆಂಟಿ, ಕೈ ಕೊಡಿ," ನರ್ಸ್ ಹಂಸಾ ಮತ್ತೆ ಕೇಳಿದಳು. ಸರ್ವಮಂಗಳಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಮೂರು ಗಂಟೆ ಆಗೋಯ್ತಲ್ಲಮ್ಮ. ಮಂಗಳವಾರ, ರಾಹುಕಾಲ. ನಾಲ್ಕೂವರೆವರೆಗೂ ಬೇಡ."

"ರಾಹು ಬಂದ್ರೆ ನಾನು ಮಾತಾಡ್ಕೋತೀನಿ, ನೀವು ಕೈ ಕೊಡಿ."

"ನಿನಗೆ ತಮಾಷೆ."

ಮಗಳು ಹರ್ಷಿತಾ ಮಂಚದ ಕಂಬಿಯ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಚಾಮರಾಜಪೇಟೆಯ ಮನೆಯಿಂದ ಬೇಗನೇ ಹೊರಟಿದ್ದರೂ ಮಾರ್ಕೆಟ್ ಬಳಿ ಆಟೊ ಕದಲಿರಲಿಲ್ಲ. ಈ ಹೊತ್ತನ್ನು ಕೇಳಿ ಪಡೆದವಳು ಅವಳೇ. ಹಿಂದಿನ ಎರಡು ಕೀಮೋಗಳೂ ಬೆಳಿಗ್ಗೆ ಆಗಿದ್ದವು. ಎರಡು ಸಲವೂ ಅಮ್ಮನಿಗೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಂತಿರಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ನಾನು ಆಸ್ಪತ್ರೆಗೇ ಬರಲ್ಲ" ಎಂದಿದ್ದರು. ಅಂದದ್ದನ್ನು ಮಾಡುವವರು. ಹೊತ್ತು ಬದಲಿಸಿದರೆ ಹೇಗೆ ಎಂದು ಹರ್ಷಿತಾ ಡಾಕ್ಟರನ್ನು ತಡವರಿಸುತ್ತ ಕೇಳಿದ್ದಳು. "ಇದೇ ಔಷಧಿ ಸಂಜೆ ಕಡೆ ಕೊಟ್ರೆ ಕೆಲವರಿಗೆ ಬಾಧೆ ಕಮ್ಮಿ ಅಂತಾರೆ. ಗ್ಯಾರಂಟಿ ಕೊಡಕ್ಕಾಗಲ್ಲಮ್ಮ. ನೋಡೋಣ." ಮಧ್ಯಾಹ್ನದ ಮೇಲೆ ಹಾಸಿಗೆ ಖಾಲಿ ಇದ್ದದ್ದು ಈ ಮಂಗಳವಾರ ಮಾತ್ರ. ರಾಹುಕಾಲದಲ್ಲಿ ಯಾವುದನ್ನೂ ಶುರು ಮಾಡಬಾರದು, ಶುರುವಾದದ್ದು ನಡೆದುಕೊಂಡು ಹೋಗಬಹುದು. ಮೂರರೊಳಗೆ ಸೂಜಿ ಚುಚ್ಚಿಸುತ್ತೇನೆಂದು ಒಪ್ಪಿಸಿ ಕರೆತಂದಿದ್ದಳು.

ಸರ್ವಮಂಗಳಮ್ಮ ಮಂಚದ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕತೊಡಗಿದರು.

"ಅಮ್ಮ!" ದನಿ ಹರ್ಷಿತಾಳಿಗೇ ಜೋರೆನಿಸಿತು. ಪಕ್ಕದ ಹಾಸಿಗೆಯವರು ತಿರುಗಿದರು. "ಈಗ ಹಾಕೋದು ಬರೀ ಸಲೈನು. ಉಪ್ಪುನೀರು. ಅದೇನು ಔಷಧೀನಾ? ಔಷಧಿ ನಾಲ್ಕೂವರೆ ಮೇಲೇನೇ."

"ಹೌದೇನಮ್ಮ?"

ಹಂಸಾ ಹರ್ಷಿತಾಳ ಮುಖ ನೋಡಿದಳು. "ಸುಮಾರು ಹಂಗೇ ಆಗುತ್ತೆ."

ಕೈ ಸೆರಗಿನಿಂದ ಹೊರಗೆ ಬಂತು.

ಸಲೈನು ಅಂದುಕೊಂಡದ್ದಕ್ಕಿಂತ ಬೇಗ ಇಳಿಯುತ್ತಿತ್ತು. ಹರ್ಷಿತಾ ಕೂತಳು, ಎದ್ದಳು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕುಡಿಯದೆ ಮತ್ತೆ ಹಾಕಿದಳು. ಹಂಸಾ ಔಷಧಿಯ ಚೀಲ ತಂದು ಕಂಬಕ್ಕೆ ನೇತುಹಾಕಿದಾಗ ಎದುರು ಗೋಡೆಯ ಗಡಿಯಾರದಲ್ಲಿ ನಾಲ್ಕು ದಾಟಿತ್ತು, ಅಷ್ಟೆ. ಹರ್ಷಿತಾ ಮಂಚದ ಕಾಲ್ದೆಸೆಗೆ ಹೋಗಿ ಗಡಿಯಾರಕ್ಕೆ ಬೆನ್ನು ಮಾಡಿ ಅಡ್ಡ ನಿಂತಳು.

"ಆಯ್ತೇನೇ ನಾಲ್ಕೂವರೆ?"

"ಆಯ್ತಮ್ಮ."

ಸರ್ವಮಂಗಳಮ್ಮ ಒಂದು ಗಳಿಗೆ ಮಗಳನ್ನೇ ನೋಡಿದರು. "ಸರಿ. ಕೂತ್ಕೊ, ಕಾಲು ನೋಯುತ್ತೆ."

ಹರ್ಷಿತಾ ಕೂರಲಿಲ್ಲ. ತುದಿಗಾಲಿನ ಮೇಲೆ ಇನ್ನಷ್ಟು ಎತ್ತರವಾಗಿ ನಿಂತಳು.