ಮೂರು ಮಳೆಗಾಲದ ಮಾತು

“ಮೂರೇ ಮಳೆಗಾಲ. ಆಮೇಲೆ ದಡದಲ್ಲೇ ಮನೆ ಮಾಡುವಾ.” ದೀಪ ಕಾಯುವ ಮಾಸ್ತಪ್ಪ ತನ್ನ ಹೊಸ ಹೆಂಡತಿ ದುರ್ಗಿಗೆ ಹೀಗೆ ಮಾತು ಕೊಟ್ಟದ್ದು ನನ್ನ ಬಾಗಿಲಲ್ಲಿ ನಿಂತು.

ನಾನೊಂದು ದೀಪಸ್ತಂಭ, ಊರವರ ಬಾಯಲ್ಲಿ ಲೈಟ್‌ಹೌಸ್. ಬಂದರಿನ ಬಾಯಲ್ಲಿರುವ ದ್ವೀಪದ ಕಪ್ಪು ಕಲ್ಲನ್ನೇ ಕಡಿದು ಅಲ್ಲೇ ನನ್ನನ್ನು ನಿಲ್ಲಿಸಿದರು. ಹುಟ್ಟಿದಲ್ಲಿಂದ ಒಂದು ಗೇಣೂ ಸರಿದವನಲ್ಲ. ನನ್ನ ಹೊಟ್ಟೆಯೊಳಗೆ ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡು ಇಳಿಯುತ್ತಿದ್ದರೆ ಮೇಲೆ ದೀಪ ತಿರುಗುತ್ತಿತ್ತು. ಇರುಳಿಡೀ ಮೂರು ತಾಸಿಗೊಮ್ಮೆ ಆ ಗುಂಡನ್ನು ಮೇಲೆತ್ತಲು ಆಳು ಬೇಕೇ ಬೇಕು. ಬದಲಿ ಆಳು ಬರುವ ತನಕ, ಇರುವ ಆಳು ದ್ವೀಪ ಬಿಟ್ಟು ಇಳಿಯುವಂತಿಲ್ಲ.

ಮೊದಲು ಬಂದ ಬದಲಿ ಆಳು ದೋಣಿಯಿಂದ ಬಂಡೆಗೆ ಹಾರಲು ಹೆದರಿ, ಕೂತಲ್ಲೇ ಕೂತು ತಿರುಗಿ ಹೋದ. ಎರಡನೆಯವನು ಹಾರಿದ. ನಾಲ್ಕು ದಿನ ಗಾಳಿಯ ಊಳು ಕೇಳಿ, ಅಜ್ಜಿ ಸತ್ತಳೆಂದು ಓಡಿದ.

“ಸತ್ತ ಸುದ್ದಿ ಇವಗೆ ಮೀನು ಹೇಳ್ತಾ?” ಎಂದಳು ದುರ್ಗಿ.

ಏಳು ಮಳೆಗಾಲ ಕಳೆದವು. ಗುಂಡೆತ್ತಲು ಅವಳೂ ಕಲಿತಳು. ಮಗಳು ಸೋಮಿ ಆರಕ್ಕೆ ಬಿದ್ದಳು. “ಅವ್ವೀ, ದನ ಅಂದ್ರೆ ಎಷ್ಟು ದೊಡ್ಡ ಮೀನು?” ಎಂದು ಅವಳು ಕೇಳಿದ ದಿನ ದುರ್ಗಿ ಗಂಡನ ಮುಂದೆ ಬಂದು ನಿಂತಳು.

“ನಿಮ್ಮ ಮೂರು ಮಳೆಗಾಲ ಮುಗೂಕೆ ಇನ್ನೆಷ್ಟು ಮಳೆಗಾಲ ಬೇಕು? ಈ ಸಲ ಮಳೆಗೆ ಕಡಲು ಮುಚ್ಚೂಕೆ ಮುಂಚಿನ ಕಡೇ ದೋಣಿಗೆ ನಾನೂ ಮಗಳೂ ಹೊರಟ್ವಿ.”

ಕಡೇ ದೋಣಿ ಬಂದ ಬೆಳಿಗ್ಗೆಯೇ ಮಾಸ್ತಪ್ಪ ನನ್ನ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡ. ದೋಣಿ ನಡೆಸುವ ಬುದವಂತ ಅವನನ್ನು ಹೊತ್ತು ತಂದು ದೋಣಿಯಲ್ಲಿ ಮಲಗಿಸಿದ. ಸೋಮಿಯನ್ನು ಎತ್ತಿ ಕೂರಿಸಿದ.

“ಹತ್ತಕ್ಕಾ, ಬೇಗ! ತೆರೆ ಏಳ್ತಾ ಅದೆ!”

ದುರ್ಗಿಯ ಒಂದು ಕಾಲು ದೋಣಿಯಲ್ಲಿತ್ತು. “ನನ್ನ ತಮ್ಮಂದಿರ ದೋಣಿ ಬಂತಾ?”

“ಎಲ್ಲಿ ಬಂತು? ಇನ್ನೂ ಎಂಟು ದೋಣಿ ಹೊರಗೇ ಅವೆ.”

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟು ಸಿಟ್ಟಿನಿಂದ ನನ್ನನ್ನು ಯಾರೂ ನೋಡಿರಲಿಲ್ಲ. ಆಮೇಲೆ ಕಾಲು ಹಿಂದಕ್ಕೆಳೆದಳು.

“ದೀಪ ಹಾಳಾಗ್ಲಿ, ಬಾರೇ!” ಮಾಸ್ತಪ್ಪ ಕೂಗಿದ.

“ಸೋಮೀನ ಶಾಲೆಗೆ ಹಾಕಿ. ತಲೆಗೆ ಎಣ್ಣೆ ಹಚ್ಚೂದ್ ಮರೀಬೇಡಿ.”

ಎಂಟೂ ದೋಣಿ ಬಂದರು ಸೇರಿದವು. ಕಡಲು ಮುಚ್ಚಿತು. ಚೌತಿಯವರೆಗೆ ದುರ್ಗಿ ಒಬ್ಬಳೇ ಗುಂಡೆತ್ತಿದಳು, ಒಬ್ಬಳೇ ಗಂಜಿ ಕುಡಿದಳು, ಮೆಟ್ಟಿಲು ಮೆಟ್ಟಿಲಿಗೂ ನನ್ನನ್ನು ಬೈದಳು. ಬೈಗುಳ ಕೇಳದ ದಿನ ನನಗೇ ಭಯವಾಗುತ್ತಿತ್ತು. ಕಡಲು ತೆರೆದು ಬದಲಿ ಆಳು ಬಂದಾಗ, ತಿರುಗಿಯೂ ನೋಡದೆ ಇಳಿದು ಹೋದಳು.

ಈಗ ನನ್ನ ತಲೆಯ ಮೇಲೆ ಸೋಲಾರ್ ದೀಪ. ಆಳು ಬೇಡ. ಬಾಗಿಲಿಗೆ ಹೊರಗಿನಿಂದ ಬೀಗ. ಗುಂಡು ತಳದಲ್ಲಿ ತುಕ್ಕು ಹಿಡಿದು ಕೂತಿದೆ. ನನ್ನ ಬೆಳಕಿನಲ್ಲಿ ಮನೆ ಸೇರಿದವರು ಎಷ್ಟು ಜನವೋ, ಮರೆತಿದ್ದೇನೆ. ನನ್ನಿಂದಾಗಿ ಮನೆಗೆ ಹೋಗಲಾರದೆ ಉಳಿದವಳೊಬ್ಬಳನ್ನು ಮರೆಯಲಾಗಿಲ್ಲ.

ಮಾಸ್ತಪ್ಪ ಹೇಳಿದ್ದು ಮೂರು ಮಳೆಗಾಲ. ದುರ್ಗಿ ಇಳಿದದ್ದು ಎಂಟು ಕಳೆದ ಮೇಲೆ. ಕೊಟ್ಟ ಮಾತು ನಡೆಯಲಿಲ್ಲ.