ಎಣಿಸುವ ದಿನ

ಪ್ರಣತಿ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಜಪಾನಿನ ಕಾವಾಸಾಕಿಯಲ್ಲಿ, ತಾಮಾ ನದಿಯ ದಂಡೆಗೆ ಹತ್ತಿರದಲ್ಲೇ ಆ ಲಾಂಡ್ರಿ. ಹೋಟೆಲುಗಳ ಟವೆಲ್‌ಗಳು ಒಗೆದು ಒಣಗಿ ಬಿಸಿಬಿಸಿಯಾಗಿ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಅವನ್ನು ಉದ್ದಕ್ಕೊಮ್ಮೆ, ಆಮೇಲೆ ಮೂರು ಪಾಲಾಗಿ ಮಡಿಸಿ, ಹತ್ತರ ಕಟ್ಟು ಮಾಡಿ ಗಾಡಿಯಲ್ಲಿ ಜೋಡಿಸಬೇಕು. ಅಷ್ಟೇ ಕೆಲಸ. ಆದರೆ ಪ್ರಣತಿ ಬೆಳಿಗ್ಗೆ ಏಳೂವರೆಗೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ಅಮ್ಮ, ಲೇಟ್" ಎನ್ನುತ್ತಿದ್ದಳು. ಕೆಲಸ ಶುರುವಾಗುತ್ತಿದ್ದದ್ದು ಒಂಬತ್ತಕ್ಕೆ.

ಅವಳಿಗೆ ಇಪ್ಪತ್ತೊಂದು ವರ್ಷ. ಬುದ್ಧಿ ಬೆಳೆಯುವುದು ನಿಧಾನ ಎಂದು ಮೈಸೂರಿನ ಡಾಕ್ಟರು ಹೇಳಿದ್ದು ಅವಳಿಗೆ ಎರಡು ವರ್ಷವಿದ್ದಾಗ. ಮೂರನೇ ವರ್ಷಕ್ಕೆ ಅಪ್ಪ ನಂಜುಂಡಸ್ವಾಮಿಗೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ ಎಲ್ಲರೂ ಬಂದರು. ಎರಡು ಸಾವಿರದ ಹನ್ನೊಂದರಲ್ಲಿ ಭೂಕಂಪವಾದಾಗ ಪರಿಚಯದ ಕನ್ನಡದವರೆಲ್ಲ ಸಿಕ್ಕಿದ ವಿಮಾನ ಹತ್ತಿ ಊರಿಗೆ ಹೋದರು. ಇವರು ಹೋಗಲಿಲ್ಲ. ಪ್ರಣತಿಯ ಟೀಚರ್ ಮಾರನೆಯ ದಿನ ಸೈಕಲ್ಲಿನಲ್ಲಿ ಮನೆಗೇ ಬಂದು, ಅವಳ ಕೈ ಹಿಡಿದು ನೋಡಿ ಹೋಗಿದ್ದರು. ಅಂಥ ಟೀಚರ್ ಇನ್ನೆಲ್ಲಿ ಸಿಗುತ್ತಾರೆ ಎಂದು ಅಮ್ಮ ನೀರಜಾ ಹಟ ಹಿಡಿದಳು. ಹಾಗೆ ಉಳಿದವರು ಉಳಿದೇಬಿಟ್ಟರು. ಪ್ರಣತಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜಪಾನಿಯಲ್ಲಿ. ನಾಲ್ಕೈದು ಕನ್ನಡ ಪದ ಮಧ್ಯೆ ಮಧ್ಯೆ.

ಲಾಂಡ್ರಿಯಲ್ಲಿ ಅವಳ ಪಕ್ಕದ ಮೇಜು ಒಯಿಕಾವಾ-ಸಾನ್ ಅವರದು. ಅರವತ್ತಮೂರು ವರ್ಷದ ಹೆಂಗಸು. ಉತ್ತರದ ಇವಾತೆ ಪ್ರಾಂತ್ಯದ ಕರಾವಳಿಯವರು. ಭೂಕಂಪದ ದಿನ ಬಂದ ಸಮುದ್ರ ಅವರ ಗಂಡನನ್ನೂ, ಅವರು ದುಡಿಯುತ್ತಿದ್ದ ಮೀನಿನ ಕಾರ್ಖಾನೆಯನ್ನೂ ಕೊಂಡೊಯ್ದಿತ್ತು. ಆಮೇಲೆ ನಾದಿನಿಯ ಮನೆಯೆಂದು ಕಾವಾಸಾಕಿಗೆ ಬಂದವರು. ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಪ್ರತಿ ಅಕ್ಟೋಬರಿನಲ್ಲಿ ಕನಿಷ್ಠ ವೇತನದ ಹೊಸ ಪೋಸ್ಟರ್ ಅಂಟಿಸುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಒಯಿಕಾವಾ-ಸಾನ್, "ಅಲ್ಲಿ ಗಂಟೆಗೆ ಆರುನೂರ ನಲವತ್ತನಾಲ್ಕು ಯೆನ್ ಕೊಡ್ತಿದ್ರು. ಇಲ್ಲಿಗೆ ಬಂದ ತಕ್ಷಣ ಎಂಟುನೂರು ದಾಟ್ತು. ಕೈ ಅದೇ ಕೈ" ಎಂದು ನಗುತ್ತಿದ್ದರು. ಪ್ರಾಂತ್ಯಕ್ಕೊಂದು ದರ; ನದಿ ದಾಟಿ ಟೋಕಿಯೋ ಕಡೆಗೆ ಹೋದರೆ ಇಲ್ಲಿಗಿಂತ ಒಂದು ಯೆನ್ ಜಾಸ್ತಿ. ಆ ಒಂದು ಯೆನ್‌ಗೆ ಸೇತುವೆ ದಾಟೋಣವೇ ಎಂದು ಪ್ರಣತಿಯನ್ನು ರೇಗಿಸುತ್ತಿದ್ದರು. ಅವಳನ್ನು ಅವರು ಮುದ್ದಿನಿಂದ ಕರೆಯುತ್ತಿದ್ದದ್ದು ನತಿ-ಚಾನ್ ಎಂದು.

ಪ್ರಣತಿಗೂ ಎಲ್ಲರಷ್ಟೇ ಸಂಬಳ. ಕೆಲಸ ನಿಧಾನವಾದರೂ ಹಳೆಯ ಯಜಮಾನರು ಬೇರೆ ದರದ ಮಾತೇ ಎತ್ತಿರಲಿಲ್ಲ. ಅವರು ಬೇಸಿಗೆಯಲ್ಲಿ ತೀರಿಕೊಂಡರು. ಅವರ ಅಣ್ಣನ ಮಗ ಲಾಂಡ್ರಿ ವಹಿಸಿಕೊಂಡ. ಸೆಪ್ಟೆಂಬರಿನಲ್ಲಿ ಅವನು ನೀರಜಾ, ನಂಜುಂಡಸ್ವಾಮಿ ಇಬ್ಬರನ್ನೂ ಆಫೀಸಿಗೆ ಕರೆಸಿದ. ಕೆಟ್ಟ ಮನುಷ್ಯನಲ್ಲ. ಚಹಾ ಕೊಟ್ಟ, ಮೂರು ಸಲ ತಲೆ ಬಾಗಿಸಿದ.

"ಅಕ್ಟೋಬರಿನಿಂದ ಗಂಟೆಗೆ ಸಾವಿರದ ನೂರ ಹನ್ನೆರಡು ಯೆನ್ ಆಗುತ್ತೆ. ಕೊರೊನಾದಲ್ಲಿ ಕಳೆದುಕೊಂಡ ಹೋಟೆಲುಗಳು ವಾಪಸ್ ಬಂದಿಲ್ಲ. ನಿಮ್ಮ ಮಗಳಂಥವರಿಗೆ ಕಾನೂನಿನಲ್ಲಿ ಒಂದು ವಿಶೇಷ ಅನುಮತಿ ಇದೆ. ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ಕೆಲಸ ನೋಡುತ್ತಾರೆ. ಬೇರೆಯವರ ಕೆಲಸದ ಎಷ್ಟು ಪಾಲು ಅವಳು ಮಾಡುತ್ತಾಳೋ, ಕನಿಷ್ಠ ವೇತನದಲ್ಲಿ ಅಷ್ಟು ಪಾಲು ಕೊಟ್ಟರೆ ಸಾಕು. ಸುಮಿಮಾಸೆನ್, ಕ್ಷಮಿಸಿ. ಅದು ಸಿಕ್ಕರೆ ಅವಳನ್ನು ಇಟ್ಟುಕೊಳ್ಳಬಲ್ಲೆ."

ಹೊರಗೆ ಬಂದಮೇಲೆ ನಂಜುಂಡಸ್ವಾಮಿ ಸ್ಟೇಷನ್ ತನಕ ಬಿರಬಿರನೆ ನಡೆದ. ಆಮೇಲೆ, "ಬಿಡ್ಸೋಣ. ಅವಳ ಸಂಬಳದಿಂದ ನಮ್ಮನೆ ನಡೀತಿಲ್ಲ. ನನ್ನ ಮಗಳು ಎಷ್ಟು ಪರ್ಸೆಂಟ್ ಅಂತ ಯಾರೋ ಬಂದು ಅಳೆಯೋದು ಬೇಡ" ಎಂದ.

"ಬಿಡ್ಸಿ ಏನ್ಮಾಡೋದು ರೀ? ಬೆಳಿಗ್ಗೆ ಏಳೂವರೆಗೆ ಬಾಗಿಲಲ್ಲಿ ನಿಂತಿರ್ತಾಳಲ್ಲ, ಅವಳಿಗೆ ಏನಂತ ಹೇಳ್ಲಿ? ನಾವಿಬ್ರೂ ಹೋದ್ಮೇಲೆ ಅವಳಿಗೆ ಹೋಗೋಕೆ ಒಂದು ಜಾಗ ಬೇಡ್ವಾ?"

ಎರಡು ದಿನದ ನಂತರ ಇಬ್ಬರೂ ಒಪ್ಪಿದರು. ಪ್ರಣತಿ ತನ್ನ ಹೆಸರನ್ನು ತಾನೇ, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ಬರೆದು ಸಹಿ ಮಾಡಿದಳು.

ಹೋಲಿಕೆಗೆ ಬೇಕಾದದ್ದು ಅದೇ ಕೆಲಸ ಮಾಡುವ, ಕನಿಷ್ಠ ವೇತನವನ್ನೇ ಪಡೆಯುವ ಸಾಮಾನ್ಯ ಕೆಲಸಗಾರರು. ಒಯಿಕಾವಾ-ಸಾನ್ ಹೆಸರು ಬಂತು. ಹಿಂದಿನ ದಿನ ಸಂಜೆ ಅವರು ಗೇಟಿನ ಹತ್ತಿರ ನೀರಜಾಳ ತೋಳು ಹಿಡಿದು, "ನಾಳೆ ನನ್ನ ಕೈ ಸ್ವಲ್ಪ ನಿಧಾನ ಆಗುತ್ತೆ. ವಯಸ್ಸಾಯ್ತಲ್ಲ. ನೀವು ಏನೂ ಹೇಳಬೇಡಿ" ಎಂದರು. ಅವರು ನಿಧಾನವಾದಷ್ಟೂ ಪ್ರಣತಿಯ ಪಾಲು ಮೇಲೇರುತ್ತದೆ. ನೀರಜಾಗೆ ಅರ್ಥವಾಯಿತು. ತಲೆ ಬಾಗಿಸಿದಳು.

ಅಧಿಕಾರಿ ಕನ್ನಡಕದ ಯುವತಿ. ಮೆಲುದನಿ. ನೀರಜಾಗೂ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಸಿಕೊಟ್ಟಳು. ಎರಡು ಮೇಜು, ಒಂದು ಗಡಿಯಾರ, ಮಧ್ಯೆ ನಿಂತು ಮೇಜಿಗೊಂದರಂತೆ ಕಟ್ಟುಗಳ ಲೆಕ್ಕ. ಮೊದಲ ಅರ್ಧ ಗಂಟೆ ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಒಯಿಕಾವಾ-ಸಾನ್ ಒಂದೊಂದು ಟವೆಲನ್ನೂ ಎರಡೆರಡು ಸಲ ನೀವುತ್ತಿದ್ದರು. ನಡುವೆ ಸೊಂಟ ಹಿಡಿದು ನಿಲ್ಲುತ್ತಿದ್ದರು. ಅವರ ಮೇಜಿನ ಮೇಲೆ ಟವೆಲ್ ರಾಶಿ ಬೀಳತೊಡಗಿತು.

ಪ್ರಣತಿ ಅದನ್ನು ನೋಡಿದಳು. ಮತ್ತೆ ಮತ್ತೆ ನೋಡಿದಳು. ತನ್ನ ಕೈಯಲ್ಲಿದ್ದ ಟವೆಲ್ ಕೆಳಗಿಟ್ಟು ಆ ಮೇಜಿಗೆ ಹೋಗಿ, "ಒಯಿಕಾವಾ-ಸಾನ್, ನೋವಾಗ್ತಿದೆಯಾ?" ಎಂದು ಕೇಳಿದಳು. ಅವರು ಗಾಬರಿಯಿಂದ, "ಇಲ್ಲ, ಇಲ್ಲ, ನತಿ-ಚಾನ್, ನಿನ್ನ ಜಾಗಕ್ಕೆ ಹೋಗು" ಎಂದರು. ಅವಳು ಹೋಗಲಿಲ್ಲ. ಅವರ ರಾಶಿಯಿಂದ ಟವೆಲ್ ಎತ್ತಿಕೊಂಡು ಮಡಿಸಲು ಶುರುಮಾಡಿದಳು. ಅವತ್ತಿನಷ್ಟು ಚುರುಕಾಗಿ ಅವಳು ಎಂದೂ ಮಡಿಸಿರಲಿಲ್ಲ. ನೀರಜಾ ಸ್ಟೂಲಿನಿಂದ ಅರ್ಧ ಎದ್ದಳು, ಮತ್ತೆ ಕೂತಳು. ಏಳುವುದು ಸರಿಯೋ ತಪ್ಪೋ ಗೊತ್ತಾಗಲಿಲ್ಲ.

ಅರವತ್ತನಾಲ್ಕು ಪರ್ಸೆಂಟ್ ಬಂತು.

ನಂಜುಂಡಸ್ವಾಮಿ ಆ ಅಧಿಕಾರಿಯ ಕಚೇರಿಗೆ ಹೋಗಿ ಕೇಳಿದ, "ಆ ಮೇಜಿನಲ್ಲಿ ನನ್ನ ಮಗಳು ಮಡಿಸಿದ ಟವೆಲ್‌ಗಳನ್ನ ಯಾರ ಲೆಕ್ಕಕ್ಕೆ ಹಾಕಿದ್ರಿ?"

ಯುವತಿ ಕಾಗದ ತಿರುವಿ ನೋಡಿದಳು. ಅವಳ ಮುಖ ಕೆಂಪಾಯಿತು. "ಕಟ್ಟುಗಳನ್ನು ಮೇಜಿನ ಪ್ರಕಾರ ಎಣಿಸಿದ್ದೇನೆ. ಅವು ಒಯಿಕಾವಾ-ಸಾನ್ ಲೆಕ್ಕಕ್ಕೆ ಹೋಗಿವೆ" ಎಂದಳು. ಕಾಗದ ಮುಚ್ಚಿಟ್ಟು, "ಇದು ಸರಿಯಲ್ಲ. ಮುಂದಿನ ವಾರ ಮತ್ತೊಮ್ಮೆ ಬರುತ್ತೇನೆ. ಅವರವರ ಜಾಗದಲ್ಲೇ ನಿಂತು ಕೆಲಸ ಮಾಡಲಿ" ಎಂದಳು.

ಆ ವಾರವೆಲ್ಲ ನೀರಜಾ ಮಗಳಿಗೆ ಪಾಠ ಹೇಳಿದಳು. ಊಟದ ಮೇಜಿನ ಮೇಲೆ ಮನೆಯ ಟವೆಲ್‌ಗಳನ್ನೆಲ್ಲ ಹರಡಿಕೊಂಡು, ಒಂದು ಕಡೆ ಪ್ರಣತಿ, ಇನ್ನೊಂದು ಕಡೆ ತಾನು ಒಯಿಕಾವಾ-ಸಾನ್ ಆಗಿ ನಿಂತಳು.

"ನಿನ್ನ ಮೇಜು ಬಿಟ್ಟು ಬರಬಾರದು. ಒಯಿಕಾವಾ-ಸಾನ್ ಏನು ಮಾಡಿದ್ರೂ ನೋಡ್ಬಾರದು. ದಾಮೆ. ಗೊತ್ತಾಯ್ತಾ?"

ಕೂಡದು ಎನ್ನುವುದಕ್ಕೆ ಅವಳಿಗೆ ಚೆನ್ನಾಗಿ ನಾಟುವ ಮಾತು ಅದೇ, ದಾಮೆ. ನೀರಜಾ ಬೇಕೆಂದೇ ಟವೆಲ್ ಕೆಳಗೆ ಬೀಳಿಸಿದಳು. ಪ್ರಣತಿ ತಕ್ಷಣ ಬಗ್ಗಿ ಎತ್ತಿಕೊಟ್ಟಳು.

"ದಾಮೆ!"

"ಬಿತ್ತಲ್ಲ ಅಮ್ಮ."

"ಬಿದ್ರೂ ನೋಡ್ಬೇಡ."

"ಒಯಿಕಾವಾ-ಸಾನೇ ಬಿದ್ರೆ?"

ನೀರಜಾಗೆ ಸಾಕಾಗಿತ್ತು. ಬೆನ್ನು ನೋಯುತ್ತಿತ್ತು. "ಅವರೇ ಬಿದ್ರೂ ನೋಡ್ಬೇಡ" ಎಂದುಬಿಟ್ಟಳು. ಆರನೇ ದಿನ ಟವೆಲ್ ಬಿದ್ದಾಗ ಪ್ರಣತಿ ಬಗ್ಗಲಿಲ್ಲ. ಎರಡೂ ಕೈ ಮೈಗಂಟಿಸಿಕೊಂಡು, ಅಮ್ಮನ ಮುಖವನ್ನೇ ನೋಡುತ್ತ ನಿಂತಳು. ನೀರಜಾ ಅವಳನ್ನು ಅಪ್ಪಿಕೊಂಡು ಜಾಣೆ ಎಂದಳು. ಸೋಫಾದಲ್ಲಿ ಕೂತಿದ್ದ ನಂಜುಂಡಸ್ವಾಮಿ ಎದ್ದು ಬಾಲ್ಕನಿಗೆ ಹೋದ.

ಎರಡನೇ ಎಣಿಕೆಯಲ್ಲಿ ಎಪ್ಪತ್ತೊಂದು ಬಂತು. ಗಂಟೆಗೆ ಏಳುನೂರ ತೊಂಬತ್ತು ಯೆನ್. ಅದೇ ಅಕ್ಟೋಬರಿನಲ್ಲಿ ಇವಾತೆಯ ದರ ಎಂಟುನೂರ ತೊಂಬತ್ತಮೂರು, ದೇಶದಲ್ಲೇ ಅತಿ ಕಡಿಮೆ ಎಂದು ಪೇಪರಿನಲ್ಲಿ ಬಂದಿತ್ತು. ನಂಜುಂಡಸ್ವಾಮಿ ಅದನ್ನು ಓದಿ ಪೇಪರು ಮಡಿಸಿಟ್ಟ. ಪ್ರಣತಿಗೆ ಎಪ್ಪತ್ತೊಂದು ಎಂದರೆ ಪರೀಕ್ಷೆಯ ಮಾರ್ಕು. ಶಾಲೆಯಲ್ಲಿ ಅವಳಿಗೆ ಅಷ್ಟು ಎಂದೂ ಬಂದಿರಲಿಲ್ಲ. ಬೀದಿಯ ಕೊನೆಯ ಕೊಂಬಿನಿ ಅಂಗಡಿಯ ಹುಡುಗಿಗೂ, ಕೆಳಗಿನ ಮನೆಯ ಅಜ್ಜಿಗೂ ಹೇಳಿಕೊಂಡು ಬಂದಳು.

ನವೆಂಬರಿನ ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ನೆಲದ ಮೇಲೆ ನೀರು ಚೆಲ್ಲಿತ್ತು. ಒಯಿಕಾವಾ-ಸಾನ್ ಜಾರಿ ಬಿದ್ದರು. ತುಂಬಿದ ಗಾಡಿ ಅವರ ಕಾಲ ಮೇಲೆ ವಾಲಿತು. ಯಂತ್ರದ ಸದ್ದಿನಲ್ಲಿ ಯಾರಿಗೂ ಕೂಗು ಕೇಳಲಿಲ್ಲ. ಎರಡು ಹೆಜ್ಜೆಯ ದೂರದಲ್ಲಿದ್ದವಳು ಪ್ರಣತಿ ಒಬ್ಬಳೇ. ಅವಳು ಕೈಗಳನ್ನು ಮೈಗಂಟಿಸಿಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ, "ದಾಮೆ, ದಾಮೆ" ಎಂದು ಅಳುತ್ತ ನಿಂತಿದ್ದಳಂತೆ. ಬೇರೆಯವರು ಬಂದು ಗಾಡಿ ಎತ್ತುವಷ್ಟರಲ್ಲಿ ಐದು ನಿಮಿಷವಾಗಿತ್ತು. ಮಂಡಿಯ ಮೂಳೆ ಬಿರುಕು ಬಿಟ್ಟಿತ್ತು.

ನೀರಜಾ ಮರುದಿನ ಒಂದು ಡಬ್ಬಿ ಕೇಸರಿಬಾತು ತೆಗೆದುಕೊಂಡು ಅವರ ಮನೆಗೆ ಹೋದಳು. ಒಂದೇ ಕೋಣೆಯ ಮನೆ. ಒಯಿಕಾವಾ-ಸಾನ್ ಕಾಲು ಚಾಚಿ ಗೋಡೆಗೆ ಒರಗಿದ್ದರು. ಬೈಯುತ್ತಾರೆ ಎಂದುಕೊಂಡಿದ್ದಳು.

"ನತಿ-ಚಾನ್‌ಗೆ ಏನಾಗಿದೆ? ಹುಷಾರಿಲ್ವಾ?" ಎಂದು ಅವರೇ ಕೇಳಿದರು.

ನೀರಜಾ ಎಲ್ಲ ಹೇಳಿದಳು. ಮನೆಯ ಟವೆಲ್‌ಗಳು, ಆರು ದಿನದ ಪಾಠ, ಕೊನೆಗೆ ತನ್ನ ಬಾಯಿಂದ ಬಂದ ಮಾತು. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ. ಬ್ಯಾಂಡೇಜು ಸುತ್ತಿದ ಕಾಲನ್ನೂ ನೋಡಲಾಗಲಿಲ್ಲ.

ಒಯಿಕಾವಾ-ಸಾನ್ ಬೆನ್ನಿನ ಹಿಂದಿನ ದಿಂಬು ಸರಿಮಾಡಿಕೊಂಡರು.

"ನಮ್ಮ ಕಡಲತೀರದಲ್ಲಿ ಮಕ್ಕಳಿಗೆ ಹೇಳಿಕೊಡ್ತಾರೆ, ಅಲೆ ಬಂದಾಗ ಯಾರನ್ನೂ ಕಾಯಬೇಡಿ, ನೀವು ನೀವು ಓಡಿ ಅಂತ. ನನಗೂ ಅಜ್ಜಿ ಹೇಳಿಕೊಟ್ಟಿದ್ದಳು. ನಾನು ಓಡಿದೆ. ನನ್ನ ಗಂಡ ಪಕ್ಕದ ಮನೆಯ ಮುದುಕಿಯನ್ನು ಕರೆತರ್ತೀನಿ ಅಂತ ನಿಂತ. ಅಜ್ಜಿ ಹೇಳಿದ್ದು ತಪ್ಪಲ್ಲ. ಆ ಮಾತಿನಿಂದಲೇ ನಾನು ಬದುಕಿದೀನಿ. ಆದರೆ ನೀರಜಾ-ಸಾನ್, ಹನ್ನೆರಡು ವರ್ಷ ಆಯ್ತು, ನನಗಿನ್ನೂ ಅದರಿಂದ ಹೊರಗೆ ಬರೋಕೆ ಆಗಿಲ್ಲ." ಆಮೇಲೆ ಕೇಸರಿಬಾತಿನ ಡಬ್ಬಿ ಹತ್ತಿರ ಎಳೆದುಕೊಂಡು, "ಅವಳಿಗೆ ಬೇಗ ಹೇಳಿ. ಮಾಡಬಹುದು ಅಂತ ಹೇಳಿ" ಎಂದರು.

ಅವತ್ತು ಸಂಜೆಯೇ ನೀರಜಾ ಹೇಳಿದಳು. "ಯಾರಾದ್ರೂ ಬಿದ್ರೆ ಎತ್ತಬಹುದು ಕಂದ. ಎತ್ತಬೇಕು. ಅಮ್ಮ ಹೇಳಿದ್ದು ಆ ಒಂದಿನಕ್ಕೆ ಮಾತ್ರ, ಎಣಿಸೋಕೆ ಬಂದಿದ್ರಲ್ಲ, ಅದಕ್ಕೆ."

ಪ್ರಣತಿ ಯೋಚಿಸಿದಳು. ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಕೇಳಿದಳು, "ಇವತ್ತು ಎಣಿಸೋ ದಿನಾನಾ, ಅಲ್ಲವಾ ಅಂತ ನನಗೆ ಹೇಗೆ ಗೊತ್ತಾಗುತ್ತೆ?"

ಇನ್ನು ಯಾರೂ ಎಣಿಸುವುದಿಲ್ಲ ಎಂದು ಹೇಳಲು ನೀರಜಾ ಬಾಯಿ ತೆರೆದಳು. ಆದರೆ ಅನುಮತಿಯ ಕಾಗದದಲ್ಲಿ ಮುಗಿಯುವ ತಾರೀಖೂ ಇತ್ತು. ಅದಾದ ಮೇಲೆ ಮತ್ತೆ ಅರ್ಜಿ, ಮತ್ತೆ ಎಣಿಕೆ. ನಂಜುಂಡಸ್ವಾಮಿ ಮಗಳ ಪಕ್ಕದಲ್ಲಿ ಬಂದು ಕೂತು, "ಗೊತ್ತಾಗದೆ ಇದ್ರೆ ಅಮ್ಮಂಗೆ ಫೋನ್ ಮಾಡು ಪುಟ್ಟಿ" ಎಂದ. ಆ ಟವೆಲ್ ಪಾಠದ ವಿಷಯದಲ್ಲಿ ಅವನು ಆಡಿದ ಮಾತು ಅದೊಂದೇ.

ಒಯಿಕಾವಾ-ಸಾನ್ ಮತ್ತೆ ಕೆಲಸಕ್ಕೆ ಬರಲಿಲ್ಲ. ಮಾರ್ಚಿನಲ್ಲಿ ತಂಗಿಯ ಜೊತೆ ಇರಲು ಇವಾತೆಗೆ ಹೊರಟರು. ಹೋಗುವ ಮುಂಚೆ ಎಲ್ಲರಿಗೂ ಹೇಳಿಹೋಗಲು ಕೋಲೂರಿಕೊಂಡು ಲಾಂಡ್ರಿಗೆ ಬಂದಿದ್ದರು. ಆ ಹೊತ್ತಿಗೆ ನೀರಜಾ ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಫೋನು ಬಂತು.

"ಅಮ್ಮ, ಒಯಿಕಾವಾ-ಸಾನ್ ಬ್ಯಾಗ್ ಭಾರ ಇದೆ. ಮೆಟ್ಟಿಲಿದೆ. ನಾನು ಹಿಡ್ಕೋಬಹುದಾ?"

"ಹಿಡ್ಕೋ ಕಂದ, ಹಿಡ್ಕೋ."

"ಕೈ ಹಿಡ್ಕೋಬಹುದಾ?"

"ಹೂಂ. ಗಟ್ಟಿಯಾಗಿ ಹಿಡ್ಕೋ."

ಈಗಲೂ ದಿನಕ್ಕೆ ಮೂರೋ ನಾಲ್ಕೋ ಫೋನು ಬರುತ್ತವೆ. ಯಾರದೋ ಪೆನ್ನು ಬಿದ್ದಿದೆ, ಯಾರೋ ಕೆಮ್ಮುತ್ತಿದ್ದಾರೆ, ನೀರು ಕೊಡಬಹುದಾ. ನೀರಜಾ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಚ್ಚಲ ಬಾಗಿಲಿನ ಹೊರಗೆ ಸ್ಟೂಲಿನ ಮೇಲೆ ಇಟ್ಟುಕೊಳ್ಳುತ್ತಾಳೆ. ಒಮ್ಮೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅದು ಬಡಿದುಕೊಂಡಿತು. ಒದ್ದೆ ಕೈಯಲ್ಲಿ ಓಡಿ ಬಂದು ಎತ್ತುವುದರೊಳಗೆ ನಿಂತುಹೋಯಿತು. ಅವಳು ತಿರುಗಿ ಮಾಡಿದಳು. ಪ್ರಣತಿ ಫೋನು ಹಿಡಿದು ಕಾಯುತ್ತ ನಿಂತಿದ್ದಳಂತೆ; ಅಷ್ಟರಲ್ಲಿ ಅಲ್ಲಿ ಯಾರಿಗೋ ಬೇಕಿದ್ದ ಸಹಾಯವನ್ನು ಇನ್ಯಾರೋ ಮಾಡಿಯಾಗಿತ್ತು.