ಕಸ್ತೂರಿಯ ಹಣೆಯ ಕಪ್ಪು ಚುಕ್ಕೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ ಆದದ್ದು.

ಕುದುರೆಯ ಹುಚ್ಚು ನನ್ನದಲ್ಲ, ನನ್ನ ಹೆಂಡತಿ ಗೋದಾವರಿಯದು. ಧಾರವಾಡದವಳು. ಹ್ಯೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿ ನಾವು ಕನ್ನಡದವರೆಲ್ಲ ಶನಿವಾರ ಯಾರದಾದರೂ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಪಾಟ್‌ಲಕ್ ಮಾಡಿಕೊಂಡು ಹರಟುತ್ತಿದ್ದರೆ, ಇವಳು ಬೂಟು ಮೆಟ್ಟಿಕೊಂಡು ಲಾಯಕ್ಕೆ ಹೊರಡುತ್ತಿದ್ದಳು. ತೊಂಬತ್ತೆಂಟರಲ್ಲಿ ಆಸ್ಟಿನ್ ಕಡೆಯ ಒಬ್ಬನಿಂದ ಶುದ್ಧ ಸ್ಪ್ಯಾನಿಷ್ ತಳಿಯ ಹೆಣ್ಣು ಕುದುರೆಯೊಂದನ್ನು ಕೊಂಡು ತಂದಳು.

"ಏನೇ, ಕಿತ್ತೂರು ರಾಣಿ ಆಗಬೇಕು ಅಂತಿದ್ದೀಯಾ?" ಎಂದು ರೇಗಿಸಿದ್ದೆ.

"ಕಿತ್ತೂರು ನಮ್ಮೂರಿಂದ ಭಾಳ ದೂರ ಏನಿಲ್ರಿ," ಎಂದಿದ್ದಳು.

ಎರಡು ಸಾವಿರದ ಎರಡರ ಮಾರ್ಚಿನಲ್ಲಿ ಆ ಕುದುರೆ ಮರಿ ಹಾಕಿತು. ಅಷ್ಟರಲ್ಲಿ ಗೋದಾವರಿಗೆ ಕ್ಯಾನ್ಸರ್ ಎರಡನೇ ಸಲ ಬಂದಿತ್ತು. ಕೂದಲೆಲ್ಲ ಉದುರಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡಿದ್ದಳು. ಲಾಯದಲ್ಲಿ ಕುರ್ಚಿ ಹಾಕಿಸಿಕೊಂಡು ಇಡೀ ದಿನ ಮರಿಯನ್ನೇ ನೋಡುತ್ತ ಕೂರುತ್ತಿದ್ದಳು. ಕಡುಕಂದು ಬಣ್ಣದ ಹೆಣ್ಣು ಮರಿ. ಹಣೆಯ ಮೇಲೆ ಹಳೇ ರೂಪಾಯಿ ಅಗಲದ ಬಿಳಿ ಮಚ್ಚೆ. ಕಸ್ತೂರಿ ಎಂದು ಹೆಸರಿಟ್ಟವಳೂ ಅವಳೇ.

ಈ ತಳಿಯವರ ಶಿಸ್ತು ನಾನು ಕೆಲಸ ಮಾಡುವ ಸ್ಪೇಸ್ ಸೆಂಟರಿನ ಶಿಸ್ತಿಗಿಂತ ಒಂದು ಕೈ ಮೇಲು. ಮರಿ ಹುಟ್ಟಿದ ಮೇಲೆ ಕುದುರೆ ಡಾಕ್ಟರು ಬಂದು ಡಿಎನ್ಎ ಪರೀಕ್ಷೆಗೆ ಬೇರುಸಮೇತ ಕೂದಲು ಕೀಳಬೇಕು, ಕತ್ತಿನೊಳಗೆ ನಂಬರಿನ ಚಿಪ್ ಹಾಕಬೇಕು, ಮೈಮೇಲಿನ ಒಂದೊಂದು ಗುರುತನ್ನೂ ಕಾಗದದಲ್ಲಿ ಅಚ್ಚಾದ ಕುದುರೆ ಚಿತ್ರದ ಮೇಲೆ ಬರೆಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಮೂರು ವರ್ಷ ತುಂಬಿದ ಮೇಲೆ ಸ್ಪೇನಿನಿಂದ ತಪಾಸಣೆಯವರು ಬಂದು, ಕುದುರೆಯನ್ನೂ ಕಾಗದವನ್ನೂ ತಾಳೆ ನೋಡಿ ಒಪ್ಪಬೇಕು. ಆಗ ಮಾತ್ರ ಅದರ ಮರಿಗಳಿಗೂ ಶುದ್ಧ ತಳಿಯೆಂಬ ಕಾಗದ.

ಡಾಕ್ಟರು ಬರುವ ಬೆಳಿಗ್ಗೆ ನೋಡಿದರೆ ಗೋದಾವರಿ ಮರಿಯ ಬಿಳಿ ಮಚ್ಚೆಯ ನಡುವೆ ಕಾಡಿಗೆಯಿಂದ ಗುಂಡಗೆ ದೃಷ್ಟಿಬೊಟ್ಟು ಇಟ್ಟಿದ್ದಳು.

"ಎಷ್ಟು ಛಂದ ಅದ ನೋಡ್ರಿ. ಮಂದಿ ದೃಷ್ಟಿ ತಗಲತದ," ಎಂದಳು.

ಹಿಂದಿನ ದಿನ ಆಸ್ಪತ್ರೆಯವರು ಹೇಳಬಾರದ್ದನ್ನು ಹೇಳಿದ್ದರು. ಆ ಸಂಕಟವನ್ನು ಎಲ್ಲಿ ತೀರಿಸಿಕೊಳ್ಳಬೇಕೋ ತಿಳಿಯದೆ ಕುದಿಯುತ್ತಿದ್ದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವಳೂ ಒಂದು ಮಾತು ಅಂದಳು. ಕಾಡಿಗೆ ಡಬ್ಬಿಯನ್ನು ಕುದುರೆ ತಿಕ್ಕುವ ಬ್ರಷ್ಷುಗಳ ಪೆಟ್ಟಿಗೆಗೆ ಹಾಕಿ, ಗೋಡೆ ಹಿಡಿದುಕೊಂಡು ಹೋಗಿ ಕಾರಿನಲ್ಲಿ ಕೂತಳು.

ಡಾಕ್ಟರು ಬಂದರು. "ಬಿಳಿ ಮಚ್ಚೆ, ನಡುವೆ ಕಪ್ಪು ಚುಕ್ಕೆ," ಎಂದು ಗೊಣಗುತ್ತ ಬರೆದುಕೊಂಡರು. ಅದು ಕಾಡಿಗೆ ಸ್ವಾಮಿ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಆಗತಾನೇ ಅವಳನ್ನು ಅಷ್ಟು ಅಂದವನಿಗೆ ಅವಳಿಟ್ಟ ಬೊಟ್ಟನ್ನು ಒರೆಸಲು ಕೈ ಬರಲಿಲ್ಲ.

ಜೂನಿನಲ್ಲಿ ಗೋದಾವರಿ ಹೋದಳು. ಹೋಗುವ ವಾರ ನನ್ನ ಕೈ ಹಿಡಿದು, "ಕಸ್ತೂರಿ ಹೊಟ್ಟ್ಯಾಗ ಹುಟ್ಟೋ ಮರೀಗೂ ಕಾಗದ ಆಗಬೇಕ್ರಿ. ನಮ್ಮ ಮಗಳ ಮಕ್ಕಳು ಅದರ ಮ್ಯಾಲೆ ಕೂಡಬೇಕು," ಎಂದಳು. ಆಗಲಿ ಎಂದೆ. ಕಸ್ತೂರಿಯ ಕಾಗದ ಬಂದದ್ದು ಆಗಸ್ಟಿನಲ್ಲಿ. ಅದರಲ್ಲಿ ಆ ಚುಕ್ಕೆ ಇತ್ತು. ತಿದ್ದಿಸಬಹುದಿತ್ತು, ತಿದ್ದಿಸಲಿಲ್ಲ. ಮೂರು ವರ್ಷ ಅದನ್ನು ಆಗಾಗ ತೆಗೆದು ನೋಡಿ ಮಡಚಿ ಇಡುತ್ತಿದ್ದೆ.

ತಪಾಸಣೆ ಎರಡು ಸಾವಿರದ ಐದರ ಅಕ್ಟೋಬರಿನಲ್ಲಿ, ಡಲ್ಲಾಸ್ ದಾಟಿ ಲಿಟಲ್ ಎಲ್ಮ್ ಹತ್ತಿರದ ಒಂದು ರ‍್ಯಾಂಚಿನಲ್ಲಿ. ಟ್ರೇಲರಿನಲ್ಲಿ ಕಸ್ತೂರಿಯನ್ನು ಹತ್ತಿಸಿಕೊಂಡು ಹ್ಯೂಸ್ಟನ್ನಿನಿಂದ ಐದೂವರೆ ಗಂಟೆ ಡ್ರೈವ್ ಮಾಡಿದೆ. ಮಗಳು ನಿಶಿತಾ ಆಸ್ಟಿನ್ನಿನ ಕಾಲೇಜಿನಿಂದ ನೇರ ಅಲ್ಲಿಗೇ ಬಂದಿದ್ದಳು. ರಜೆಯಲ್ಲಿ ಕಸ್ತೂರಿಯನ್ನು ಪಳಗಿಸಿದವಳು ಅವಳೇ. ಅವಳು ಹಗ್ಗ ಹಿಡಿದರೆ ಕುದುರೆ ಕುಣಿದುಕೊಂಡು ಹಿಂದೆ ಬರುತ್ತಿತ್ತು.

ತಪಾಸಣೆಯವನು ಬಿಳಿ ಮೀಸೆಯ ಗಿಡ್ಡ ಮನುಷ್ಯ. ಎತ್ತರ ಅಳೆದ, ಕಾಲು ತಡವಿದ, ಓಡಿಸಿ ನೋಡಿದ, ತಲೆದೂಗಿದ. ಚಿಪ್ ನಂಬರು ಸರಿಯಾಗಿತ್ತು. ಕೊನೆಗೆ ಕಾಗದ ಬಿಡಿಸಿ ಹಣೆ ನೋಡಿದ.

"ಇಲ್ಲಿ ಕಪ್ಪು ಚುಕ್ಕೆ ಇರಬೇಕಲ್ಲ, ಎಲ್ಲಿ?"

"ಚಿಪ್ ಸರಿಯಿದೆಯಲ್ಲ!" ನಾನು ಆಗಲೇ ಕೂಗಾಡುತ್ತಿದ್ದೆ. "ಒಂದು ಚುಕ್ಕೆಗೆ ಇಷ್ಟು ರಾದ್ಧಾಂತವೇ?"

ಅವನು ಜಗಳವಾಡಲಿಲ್ಲ. ಬೇರೊಂದು ಹಾಳೆ ತೆಗೆದು ಮುಂದಿಟ್ಟ. ಗುರುತು ತಪ್ಪು ಎಂದು ಬರೆದು, ಕಾರಣ ತಿಳಿಸಿ, ಮಾಲೀಕ ಸಹಿ ಹಾಕಬೇಕು. ಅವನು ಚುಕ್ಕೆಯನ್ನು ಹೊಡೆದುಹಾಕುತ್ತಾನೆ. ಇಲ್ಲವಾದರೆ ಕಸ್ತೂರಿಗೆ ಒಪ್ಪಿಗೆಯಿಲ್ಲ, ಅವಳ ಮರಿಗಳಿಗೆ ಕಾಗದವಿಲ್ಲ.

"ಅಪ್ಪಾ, ಜಸ್ಟ್ ಸೈನ್ ಇಟ್. ಇಟ್ಸ್ ಎ ಡಾಟ್!" ನಿಶಿತಾ ಹಲ್ಲು ಕಚ್ಚಿ ಅಂದಳು.

ಡಾಟ್ ಅಂತೆ! ಅವಳಿಗೇನು ಗೊತ್ತು? ಗೋದಾವರಿಯ ಬಟ್ಟೆಬರೆ ಕೊಟ್ಟಾಗಿತ್ತು, ಫೋನಿನಲ್ಲಿ ರೆಕಾರ್ಡಾಗಿದ್ದ ಅವಳ ಧ್ವನಿ ಅಳಿಸಿಹೋಗಿತ್ತು. ಅವಳ ಕೈ ಮಾಡಿದ ಗುರುತೆಂದು ಉಳಿದದ್ದು ಅದೊಂದೇ. ಅದನ್ನು ತಪ್ಪು ಎಂದು ನಾನೇ ಬರೆದುಕೊಡಬೇಕು. ಹಾಳಾಗಿ ಹೋಗಲಿ, ಕುದುರೆ ವಾಪಸ್ ಹತ್ತಿಸು ಎನ್ನಲು ಬಾಯಿ ತೆರೆದೆ. ಆದರೆ ಆಗಲಿ ಎಂದು ಮಾತು ಕೊಟ್ಟವನೂ ನಾನೇ. ಪೆನ್ನು ತೆಗೆದುಕೊಂಡೆ.

ಕಾರಣದ ಜಾಗದಲ್ಲಿ ಇಂಗ್ಲಿಷಿನಲ್ಲಿ ಬರೆದೆ: "ಅದು ಹುಟ್ಟಿನ ಗುರುತಲ್ಲ. ನನ್ನ ಹೆಂಡತಿ ಗೋದಾವರಿ ಪ್ರೀತಿಯಿಂದ ಇಟ್ಟ ಕಾಡಿಗೆ. ನಾನು ಗೊತ್ತಿದ್ದೂ ಹೇಳಲಿಲ್ಲ. ತಪ್ಪು ನನ್ನದು."

ಅವನು ಎರಡು ಸಲ ಓದಿದ. ಕೆಂಪು ಶಾಯಿಯಲ್ಲಿ ಚುಕ್ಕೆಯ ಮೇಲೆ ಒಂದೇ ಒಂದು ಗೀಟು ಎಳೆದು ಒಪ್ಪಿಗೆಯ ಮುದ್ರೆ ಒತ್ತಿದ. ಹೋಗುವ ಮುಂಚೆ ಟೋಪಿ ತೆಗೆದು ನನ್ನ ಕೈ ಕುಲುಕಿದ.

ನಿಶಿತಾ ಹಾಳೆ ಓದಿ ಕೇಳಿದಳು. "ಇಟ್ಟವಳು ಅಮ್ಮ. ವೈ ಈಸ್ ಇಟ್ ಯುವರ್ ಫಾಲ್ಟ್?"

ಟ್ರೇಲರಿನ ಮೆಟ್ಟಿಲ ಮೇಲೆ ಕೂತು ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳಿರದಿದ್ದ ಮಾತು.

"ಆವತ್ತು ನಿಮ್ಮಮ್ಮನಿಗೆ ಏನಂದೆ ಗೊತ್ತಾ? 'ಬೊಟ್ಟಿಟ್ಟರೆ ಎಲ್ಲ ಸರಿಹೋಗೋದಾದ್ರೆ ನಿನಗ್ಯಾಕೆ ಕ್ಯಾನ್ಸರ್ ಬಂತು?' ಅಂದೆ."

"ಅಮ್ಮ ಏನಂದಳು?"

"'ನನಗ ಯಾರೂ ಹಚ್ಚಲೇ ಇಲ್ಲಲ್ರಿ,' ಅಂದಳು."

"ಸಾರಿ ಕೇಳಿದ್ಯಾ?"

"ಇಲ್ಲ. ಮೂರು ತಿಂಗಳಿತ್ತು. ಕೇಳಲಿಲ್ಲ."

ಅವಳು ಕಸ್ತೂರಿಯನ್ನು ಟ್ರೇಲರಿಗೆ ಹತ್ತಿಸಿ, ಚಿಲಕವನ್ನು ಬೇಕೆಂದೇ ಧಡಾರನೆ ಹಾಕಿದಳು. ನನ್ನ ಮುಖ ನೋಡದೆ ಹೋಗಿ ತನ್ನ ಕಾರಿನಲ್ಲಿ ಕೂತಳು. ನನಗೆ ಅದು ಆಗಬೇಕಾದ್ದೇ.

ಟ್ರೇಲರಿನಲ್ಲಿದ್ದ ಬ್ರಷ್ಷುಗಳ ಪೆಟ್ಟಿಗೆಯ ತಳದಲ್ಲಿ ಕಾಡಿಗೆ ಡಬ್ಬಿ ಇನ್ನೂ ಇತ್ತು. ಒಣಗಿ ಬಿರುಕು ಬಿಟ್ಟಿತ್ತು. ಬೆರಳಿಗೆ ಸ್ವಲ್ಪ ನೀರು ಮುಟ್ಟಿಸಿ ತಿಕ್ಕಿದೆ. ಕಾರಿನ ಹತ್ತಿರ ಹೋಗಿ ಗಾಜು ತಟ್ಟಿದೆ. ನಿಶಿತಾ ಇಳಿಸಿದಳು. ಕಣ್ಣುಗಳು ಕೆಂಪಗಾಗಿದ್ದವು.

"ವಾಟ್?"

"ಮುಖ ಈ ಕಡೆ ತಿರುಗಿಸು."

ಅವಳ ಎಡಗೆನ್ನೆಯ ಮೇಲೆ ಬೊಟ್ಟಿಟ್ಟೆ. ಗುಂಡಗೆ ಬರಲಿಲ್ಲ, ಸೊಟ್ಟಗಾಯಿತು. ಅವಳು ಕನ್ನಡಿಯಲ್ಲಿ ಬಗ್ಗಿ ನೋಡಿಕೊಂಡಳು. ಒರೆಸಿಕೊಳ್ಳಲು ಕೈ ಎತ್ತಿದಳು, ಹಾಗೇ ಇಳಿಸಿದಳು. ಆಮೇಲೆ ಗೇರ್ ಹಾಕಿ ಆಸ್ಟಿನ್ನಿನ ಕಡೆಗೆ ಹೊರಟಳು.